ಗುಲಾಬಬಿಯ ಗಾಡಿಯ ಕೆಂಪು ಎಲೆ

ಗುಲಾಬಬಿಗೆ ಸಿಟ್ಟು ಬಂದರೆ ನಗು ಬರುತ್ತಿತ್ತು. ಗದಗಿನ ಗೋದಾಮಿನ ಮುಂದೆ ಮೆಣಸಿನಕಾಯಿ ಚೀಲ ಇಳಿಸಿ, ಗಾಡಿಯ ಬ್ಯಾಟರಿಗೆ ಕರೆಂಟು ಹಚ್ಚಿ ನಿಂತಾಗ ಸಾಹುಕಾರ ಕೊಟ್ರಪ್ಪ ಹೇಳಿದ ಮಾತಿಗೆ ಅವಳು ಹಲ್ಲು ಕಾಣುವಷ್ಟು ನಕ್ಕಳು.

"ಶಿಗ್ಲಿಗೆ ತಿರುಗಿ ಹೋಗೂಮುಂದ ನಿನ್ನ ಗಾಡಿ ಖಾಲಿ ಹೊಕ್ಕೈತಿ ಗುಲಾಬಬಿ. ಫೋನಿನ್ಯಾಗ ದಿನಾ ಕೆಂಪು ಎಲಿ. ಹಿಂಗಾದ್ರ ಬರೂ ತಿಂಗಳಿಂದ ಡೀಸೆಲ್ ಲಾರಿ ಹಚ್ಚತೀನಿ."

ಎರಡು ವರ್ಷದ ಹಿಂದೆ ಡೀಸೆಲ್ ಟೆಂಪೋ ಮಾರಿಸಿ ಈ ಮೂರು ಗಾಲಿಯ ಬ್ಯಾಟರಿ ಗಾಡಿ ಕೊಳ್ಳಲು ಹಚ್ಚಿದವನೂ ಇದೇ ಪುಣ್ಯಾತ್ಮ. ಹೊಗೆಯಿಲ್ಲದೆ ಬಂದ ಮೆಣಸಿನಕಾಯಿಯೇ ಬೇಕೆಂದು ಪರದೇಶದ ಗಿರಾಕಿಯೊಬ್ಬ ಹಟ ಹಿಡಿದಿದ್ದ. ಗಾಡಿ ಖಾಲಿ ಓಡಬಾರದೆಂಬ ಅವನ ಇನ್ನೊಂದು ಹಟಕ್ಕೆ ಗಾಡಿಯ ಅಡಿಗೆ ತೂಕದ ಯಂತ್ರವನ್ನೂ ಕೂಡಿಸಿದರು. ಹೋಗುವಾಗ ಬರುವಾಗ ಎರಡೂ ಸಲ ಅರ್ಧಕ್ಕಿಂತ ಹೆಚ್ಚು ಭಾರವಿದ್ದರೆ ಸಾಹುಕಾರನ ಫೋನಿನಲ್ಲಿ ತೂಕದ ಜೊತೆಗೆ ಹಸಿರು ಎಲೆ, ಇಲ್ಲದಿದ್ದರೆ ಕೆಂಪು. ಆಮೇಲೆ ಆ ದೇಶದವರು ಸುಂಕ ಏರಿಸಿದರು. ಗಿರಾಕಿ ಇವತ್ತು ತಗೋತೀನಿ ಎಂದರೆ ನಾಳೆ ಒಲ್ಲೆ ಎನ್ನತೊಡಗಿದ. ಸಾಹುಕಾರನ ಹಸಿರು ಪ್ರೀತಿ ಅಲ್ಲಿಗೆ ಒಣಗಿತು.

ಗುಲಾಬಬಿಯ ಗಂಡ ದಾದಾಪೀರ ಬೆನ್ನು ಮುರಿದು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಮನೆ ನಡೆಯುತ್ತಿದ್ದುದು ಈ ಮೂರು ಗಾಲಿಯ ಮೇಲೆ.

"ಅರ್ಧಾ ಗಾಡಿ ಏನ್ ತುಂಬಲ್ರಿ ಸಾವ್ಕಾರ್ರ?"

"ಏನರ ತುಂಬು. ನನಗೇನ ಆಗಬೇಕಾಗೈತಿ?"

ಏನರ ಎಂದನಲ್ಲ, ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಅಲ್ಲಿ ನೂಲು ಒಯ್ಯಲು ಬಂದ ಶಿಗ್ಲಿಯ ನೇಕಾರರ ಮನೆಯ ರಾಮವ್ವ ತಲೆಯ ಮೇಲೆ ನೂಲಿನ ಗಂಟು ಹೊತ್ತು, ಮೂರನೆಯ ಬಸ್ಸೂ ತಪ್ಪಿ, ಕಂಡಕ್ಟರನ ವಂಶವನ್ನೆಲ್ಲ ಹರಸುತ್ತ ನಿಂತಿದ್ದಳು. ಜೊತೆಗೆ ಇನ್ನೂ ಮೂವರು, ಅವರ ಗಂಟುಗಳು. ಗುಲಾಬಬಿ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದಳು. ಎಲೆ ಹಸಿರಾಯಿತು.

ದಾರಿಯ ಮುಳಗುಂದದಲ್ಲಿ ರಾಮವ್ವ ಇಳಿದು ಚಹಾ ಕುಡಿದು ಮತ್ತೆ ಏರಿ, ಗಾಡಿ ಹೊರಡುವಷ್ಟರಲ್ಲಿ ಸಾಹುಕಾರನ ಫೋನು.

"ಏನವಾ ಇದು? ಅರವತ್ತ ಕಿಲೋ ಇಳದು, ಹತ್ತ ನಿಮಿಷ ಬಿಟ್ಟು ತಾನ ಮತ್ತ ಏರೈತೆಲಾ! ಏನ ಮಾಲು?"

"ಭಾಳ ನಾಜೂಕ ಮಾಲ್ರಿ. ಬಿಸಲಾಗ ಬಾಡತೈತಿ. ನಡುವ ಇಳಸಿ ನೀರ ಹಾಕಬೇಕಾಕ್ಕೈತ್ರಿ."

"ಸಸಿ ಏನು?"

"ಹಂಗ ತಿಳ್ಕೋರಿ."

ಹಿಂದೆ ಕೂತ ರಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ಹೊರಬಿತ್ತು. ಸಸಿ ನಕ್ಕದ್ದು ಸಾಹುಕಾರನ ಕಿವಿಗೂ ಬಿತ್ತೆಂದು ಕಾಣುತ್ತದೆ. ಮರುದಿನ ಅವನೇ ಮುಳಗುಂದದ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಕಾದಿದ್ದ. ನಾಲ್ಕೂ ನಾಜೂಕು ಮಾಲು ಕಣ್ಣೆದುರೇ ದಪದಪ ಇಳಿದು ಚಹಾ ಕೇಳಿದವು.

"ಮಾಲು ಹೇರೂ ಗಾಡ್ಯಾಗ ಮನಷ್ಯಾರನ್ನ ಹೇರೀದಿ? ಉಳ್ಳಿ ಬಿದ್ರ ಯಾರು ಜವಾಬ್ದಾರರು? ನಾಳಿಂದ ಒಂದ ಜೀವಾ ಏರಬಾರದು!" ಎಂದು ಕೂಗಾಡಿದ.

ಅವನು ಹೇಳಿದ್ದು ಖರೆ. ಗಾಡಿ ಉರುಳಿದ್ದರೆ ಎಂದು ನೆನೆದು ಗುಲಾಬಬಿಗೆ ನಾಚಿಕೆಯೂ ಆಯಿತು, ಅಂಜಿಕೆಯೂ ಆಯಿತು. ಮರುದಿನ ಬೆಳಿಗ್ಗೆ ರಾಮವ್ವನ ಮನೆಗೆ ಹೋಗಿ ಕರಾರು ಮಾಡಿಕೊಂಡಳು. ಹೆಂಗಸರು ಬರಿಗೈಲಿ ಪುಕ್ಕಟೆ ಬಸ್ಸಿಗೆ, ಗಂಟುಗಳು ಬಾಡಿಗೆಗೆ ಗಾಡಿಗೆ. ಎರಡು ದಿನದಲ್ಲಿ ಶಿಗ್ಲಿಯ ಇನ್ನಷ್ಟು ಮಗ್ಗದವರು ಬಂದು ಸೇರಿಕೊಂಡರು. ಎಲೆ ದಿನವೂ ಹಸಿರು, ಅದೂ ನ್ಯಾಯವಾಗಿ. ಆದರೂ ಸಾಹುಕಾರ ಲಾರಿಯ ಮಾತು ಬಿಟ್ಟಿರಲಿಲ್ಲ.

ತಿಂಗಳ ಕೊನೆಯ ದಿನ ಶಿಗ್ಲಿಯಲ್ಲಿ ಹಿರಿಯರೊಬ್ಬರು ತೀರಿಕೊಂಡು ನೇಕಾರರ ಓಣಿಯ ಮಗ್ಗಗಳೆಲ್ಲ ನಿಂತವು. ಬೆಟಗೇರಿಯ ನೂಲಿನಂಗಡಿಯಲ್ಲಿ ಸಿಕ್ಕದ್ದು ಆರೇ ಗಂಟು. ಗುಲಾಬಬಿ ಯೋಚಿಸುತ್ತ ನಿಂತಿರುವಾಗ ಕೊಟ್ರಪ್ಪ ಏದುಸಿರು ಬಿಡುತ್ತ ಬಂದ.

"ಸುಂಕಾ ಇಳಿಸ್ಯಾರ ಗುಲಾಬಬಿ! ಗಿರಾಕಿ ಎರಡ ಕಂಟೇನರ್ ಕೇಳ್ಯಾನ. ಆದ್ರ ಕಡೀ ಹದಿನೈದ ದಿನದಾಗ ಒಂದೂ ಕೆಂಪು ಎಲಿ ಇರಬಾರದಂತ. ಇವತ್ತ ಒಂದ ದಿನಾ ಉಳದೈತಿ!"

"ಎಪ್ಪತ್ತ ಕಿಲೋ ಕಡಿಮಿ ಐತ್ರಿ," ಎಂದಳು ಗುಲಾಬಬಿ. ಹಾಗೆನ್ನುತ್ತ ಸಾಹುಕಾರನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದಳು. ಹೊಟ್ಟೆಯ ಹತ್ತಿರ ಅವಳ ಕಣ್ಣು ತುಸು ಹೆಚ್ಚೇ ನಿಂತಿತು.

ಕೊಟ್ರಪ್ಪನಿಗೆ ಅರ್ಥವಾಯಿತು. ಆಚೀಚೆ ನೋಡಿ ಒಂದು ಕಾಲು ಎತ್ತಿ ಗಾಡಿಯ ಮೇಲಿಟ್ಟ.

"ತಡೀರಿ. ಒಂದ ಜೀವಾ ಏರಬಾರದು ಅಂತ ನೀವ ಹೇಳೀರಿ."

"ಇವತ್ತೊಂದ ದಿನಾ, ನಮ್ಮವ್ವಾ!"

"ನಿಮ್ಮ ಒಂದ ದಿನಕ್ಕ ನನ್ನ ಒಂದ ವರ್ಷಾ. ವರ್ಷತನಕಾ ಲಾರಿ ಹಚ್ಚಂಗಿಲ್ಲ ಅಂತ ಬರದು ಸಹಿ ಮಾಡ್ರಿ, ಆಮ್ಯಾಲ ಏರ್ರಿ."

ನೂಲಿನಂಗಡಿಯವರ ಪೆನ್ನು ಇಸಕೊಂಡು, ಒಂದು ಕಾಲು ನೆಲದ ಮೇಲೆ ಒಂದು ಕಾಲು ಗಾಡಿಯ ಮೇಲೆ ಇಟ್ಟುಕೊಂಡೇ ಕೊಟ್ರಪ್ಪ ಬರೆದ. ಗುಲಾಬಬಿ ಅದನ್ನು ಎರಡು ಸಲ ಓದಿಸಿ ಕೇಳಿ ಕುಪ್ಪಸದೊಳಗೆ ಇಟ್ಟುಕೊಂಡಳು. ಸಾಹುಕಾರ ನೂಲಿನ ಗಂಟುಗಳ ನಡುವೆ ಕೂತ. ಎಲೆ ಹಸಿರಾಯಿತು.

ಉಬ್ಬು ಬಂದಲ್ಲೆಲ್ಲ ನಿಧಾನ ಮಾಡಿ, ತನ್ನ ಜನ್ಮದಲ್ಲೇ ಓಡಿಸದಷ್ಟು ಜೋಪಾನವಾಗಿ ಗಾಡಿ ಓಡಿಸಿದಳು. ಮುಳಗುಂದದಲ್ಲಿ ಹಿಂದಿನಿಂದ ಸಣ್ಣ ದನಿ ಬಂತು.

"ಗುಲಾಬಬಿ, ಸೊಂಟಾ ಹಿಡದೈತಿ. ಸ್ವಲ್ಪ ಇಳದು ಚಾ ಕುಡೀತೀನಿ."

"ಬ್ಯಾಡ್ರಿ ಸಾವ್ಕಾರ್ರ, ನೀವು ಇಳದ್ರ ಎಲಿ ಬಾಡತೈತಿ," ಎಂದು ಅವಳು ಚಹಾವನ್ನು ಗಾಡಿಗೇ ತರಿಸಿದಳು.