ಮುಂಬಾಗಿಲು

ಭತ್ತ ಬೇಯಿಸುವ ವಾಸನೆ, ಬಸ್ಸಿನ ಕಿಟಕಿ ಮುಚ್ಚಿದ್ದರೂ ಒಳಗೆ ಬಂತು, ಮಾನ್ವಿಯ ಕೊನೆಯ ಮಿಲ್ಲು ದಾಟುವವರೆಗೂ ಅದು ಬೆನ್ನು ಬಿಡುವುದಿಲ್ಲ, ಬಿಸಿ, ಸ್ವಲ್ಪ ಹುಳಿ, ಒದ್ದೆ ಗೋಣಿಚೀಲದಂಥದ್ದು, ಮೂಗಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ, ಅವ್ವನ ಸೆರಗು ಹೀಗೇ ನಾರುತ್ತಿತ್ತು, ಸಂಜೆ ಅವಳು ಮಿಲ್ಲಿನಿಂದ ಕೇರಿಗೆ ಬಂದಾಗ ನಾನು ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದೆ — ಎಲ್ಲಿಗ್ರಿ ಅಮ್ಮಾ, ಕಂಡಕ್ಟರ್ ಕೇಳುತ್ತಿದ್ದಾನೆ, ದೇವದುರ್ಗ, ಆಧಾರ್ ತೋರಸ್ರಿ, ತೋರಿಸಿದೆ, ಸುವಾರ್ತಮ್ಮ ಎಂದು ಓದಿ ಒಮ್ಮೆ ಮುಖ ನೋಡಿದ, ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ, ಪಕ್ಕದ ಸೀಟಿನ ಮುದುಕಿ ಮೆಣಸಿನಕಾಯಿ ಚೀಲವನ್ನು ನನ್ನ ಕಾಲಿನತ್ತ ತಳ್ಳುತ್ತಿದ್ದಾಳೆ, ತಳ್ಳಲಿ, ನನ್ನ ಚೀಲ ಮಡಿಲಲ್ಲೇ ಇದೆ, ಹತ್ತಿ, ಬ್ಯಾಂಡೇಜು, ಸಲೈನ್ ಬಾಟಲಿ ಎರಡು, ಕೈಗವಸು, ಕತ್ತರಿ, ಬೆಳಿಗ್ಗೆ ಇವನ್ನು ಜೋಡಿಸುವಾಗಲೇ ಶಕ್ತಿನಗರದಿಂದ ಯೋಸೇಫನ ಫೋನು ಬಂದದ್ದು, ರಾತ್ರಿ ಪಾಳಿ ಮುಗಿಸಿದ ದನಿ, ಯವ್ವಾ, ನೀ ಹೋಗಬ್ಯಾಡ, ಅಜ್ಜಿ ಆ ಮಿಲ್ಲಿನೋರ ಅಂಗಳದಾಗ ಬಗ್ಗಿದ್ದು ಸಾಲದೇನ, ಈಗ ನೀ ಹೋಗಿ ಆ ಮನಿ ಮುದುಕಿ ಹೊಲಸ ತೊಳೀತೀಯೇನ, ಇದು ಸೇವಾ ಅಲ್ಲಬೇ, ಜೀತ ಇದು. ನನ್ನ ಮಗ, ನಾನೇ ಓದಿಸಿದ ಮಗ, ತಲೆ ಎತ್ತಿ ನಡೆಯೆಂದು ನಾನೇ ಕಲಿಸಿದವನು, ಅವನಿಗೆ ಏನು ಹೇಳಲಿ, ಅಜ್ಜಿ ಬಗ್ಗಿದ್ದು ಹೊಟ್ಟಿಗಿ, ಯೋಸೇಫಾ, ನಾ ಹೊಂಟಿದ್ದು — ಅಷ್ಟಕ್ಕೇ ನಿಂತೆ, ಹಲೋ ಹಲೋ ಎಂದು ಅವನೇ ಇಟ್ಟುಬಿಟ್ಟ. ಸಿರವಾರ ಬರುವಷ್ಟರಲ್ಲಿ ಆ ವಾಕ್ಯ ಮುಗಿಸಬೇಕು, ಮುಗಿಯದಿದ್ದರೂ ಬಸ್ಸು ಇಳಿದು ಹಿಂದಕ್ಕೆ ಹೋಗುವವಳಲ್ಲ ನಾನು.

ಹೋದ ವಾರ ಕಾವ್ಯಾ ಎಂಬ ಹುಡುಗಿ ಫೋನಿನಲ್ಲಿ ಅತ್ತಿದ್ದಳು, ಸಿಸ್ಟರ್ರಿ, ರಾಯಚೂರು ದವಾಖಾನಿಯೊಳಗ ನಿಮ್ಮ ನಂಬರ ಕೊಟ್ರು, ನಮ್ಮತ್ತಿಗಿ ಲಕ್ವಾ ಹೊಡದು ಎಂಟು ತಿಂಗಳಾತು, ಬೆನ್ನಿನ ಕೆಳಗ ಹುಣ್ಣು, ಇಬ್ರು ಬಂದು ಬಿಟ್ಟು ಹೋದ್ರು, ವಾಸನಿಗಿ ಯಾರೂ ನಿಂದ್ರವಲ್ರು. ಆಸ್ಪತ್ರೆ ಕೆಲಸ ಬಿಟ್ಟ ಮೇಲೆ ಮನೆಗೆ ಕರೆಯುವ ಎಲ್ಲರನ್ನೂ ಕೇಳುವಂತೆ ಇವಳನ್ನೂ ಕೇಳಿದೆ, ಹೆಸರೇನು, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯಾ, ಅವಳು ಹೇಳಿದಳು, ನೀಲಗಂಗಮ್ಮ ಅಂತ್ರಿ, ಮಾನ್ವಿಯಾಗ ರೈಸ್ ಮಿಲ್ ಇತ್ತಲ್ರಿ ನಮ್ಮ ಮಾವನೋರದು, ಅವ್ರ ಮನಿಯವ್ರು, ಈಗ ನಾವು ದೇವದುರ್ಗದಾಗ ಗೊಬ್ಬರದ ಅಂಗಡಿ ಹಾಕೀವಿ. ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟೆ. ಮೂರು ದಿನ ಅವಳು ಮತ್ತೆ ಮತ್ತೆ ಮಾಡಿದಳು, ಎತ್ತಲಿಲ್ಲ, ಎತ್ತಿ ವಿಳಾಸ ಕೇಳಿಕೊಂಡದ್ದು ನಾಲ್ಕನೆಯ ದಿನ. ಮೂವತ್ತೇಳು ವರ್ಷದ ಹಿಂದಿನ ಒಂದು ಭಾನುವಾರ ಆ ಡಬ್ಬಿಯ ಮೇಲೆ ಕೂತು ಗುರುಗುಟ್ಟುತ್ತಿತ್ತು, ಮೊದಲ ಸಂಬಳ, ರಾಯಚೂರಿನಲ್ಲಿ ಕಾಲು ಕಿಲೋ ಪೇಡೆ ಕೊಂಡು, ದಾರ ಕಟ್ಟಿಸಿ, ಬಿಳಿ ಸೀರೆ ಉಟ್ಟು ಚರ್ಚಿನ ಆರಾಧನೆ ಮುಗಿಸಿ ನೇರ ಆ ಮನೆಗೆ ಹೋದವಳು ನಾನು, ಅವ್ವ ಪೊರಕೆ ಹಿಡಿದು ಕೆಳಗೆ ಅಂಗಳದಲ್ಲಿ ನಿಂತಿದ್ದಾಳೆ, ಅಮ್ಮಾರ, ನನ್ನ ಮಗಳು ನರ್ಸ್ ಆಗ್ಯಾಳ್ರಿ, ಎಂಥ ದನಿ ಅವಳದು ಅವತ್ತು, ಅಂಥ ದನಿ ಅವಳಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ನೀಲಗಂಗಮ್ಮ ಪಡಸಾಲೆಯಿಂದ, ಚೊಲೊ ಆತು, ಅಲ್ಲೇ ಕಟ್ಟಿ ಮ್ಯಾಲ ಇಡು ಎಂದಳು. ಇಟ್ಟೆ. ನೀಲಗಂಗಮ್ಮನೇ ಇಳಿದು ಬಂದು ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿಕೊಂಡು ಹೋಗಿ ಎಮ್ಮೆಯ ಬಾನಿಯಲ್ಲಿ ಬೋರಲು ಹಾಕಿದಳು, ಸಿಟ್ಟಿಲ್ಲ, ಹಗೆಯಿಲ್ಲ, ಅಕ್ಕಿ ತೊಳೆದ ನೀರು ಚೆಲ್ಲುವಾಗ ಇರುವ ಮುಖ. ಎಮ್ಮೆ ಮೂತಿ ಹಾಕಿತು. ಅವ್ವ ನಕ್ಕಳು — ಇದನ್ನು ನಾನು ಯಾರಿಗೂ ಹೇಳಿಲ್ಲ, ಯೋಸೇಫನಿಗೂ — ನಕ್ಕು, ಎಮ್ಮಿ ನಸೀಬ ನೋಡ್ರಿ ಅಮ್ಮಾರ, ಎಂದಳು. ಪೇಡೆ ಹೋದದ್ದು ಸುಡಲಿಲ್ಲ ನನಗೆ, ಆ ನಗು ಸುಟ್ಟಿತು, ಇವತ್ತಿಗೂ ಸುಡುತ್ತದೆ, ಮನೆಗೆ ಬರುವ ದಾರಿಯುದ್ದಕ್ಕೂ ಅವ್ವ ನನ್ನ ಕೈ ಹಿಡಿದಿದ್ದಳು.

ಕಾಲುವೆ ಬಂತು, ತುಂಬಿ ಹರಿಯುತ್ತಿದೆ, ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದಾರೆ, ನಾಟಿ ಹಚ್ಚುತ್ತಿದ್ದಾರೆ, ಬಗ್ಗಿದ ಬೆನ್ನುಗಳು ಬಸ್ಸಿನೊಂದಿಗೆ ಒಂದಷ್ಟು ದೂರ ಓಡಿ ಬಂದು ನಿಂತುಬಿಡುತ್ತವೆ, ನಾನು ಎಂಬುದು ಸಾಯಬೇಕು ಎಂದು ಪಾಸ್ಟರ್ ಅಯ್ಯನವರು ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹೇಳುತ್ತಾರೆ, ನಾನೂ ಆಮೆನ್ ಎನ್ನುತ್ತೇನೆ, ಎಲ್ಲರಿಗಿಂತ ಜೋರಾಗಿ, ಆದರೆ ಆ ಮೂರು ದಿನ ಮೊದಲ ಬಾರಿ ಕೇಳಿಕೊಂಡೆ, ಅವ್ವನಿಗೆ ನಾನು ಎಂಬುದನ್ನು ಯಾರು ಕೊಟ್ಟಿದ್ದರು, ಅವಳು ಅದನ್ನು ಸಾಯಿಸುವುದಕ್ಕೆ? ಹುಟ್ಟಲು ಬಿಡದೆ ಹೊಸಕಿದ್ದನ್ನು ತ್ಯಾಗ ಎಂದು ಕರೆಯುವುದು ಮೋಸ, ಯೋಸೇಫ ಹೇಳುವುದು ಅದನ್ನೇ, ಅವನು ತಪ್ಪಲ್ಲ. ಇದ್ದವರು ಮಾತ್ರ ಕೊಡಬಲ್ಲರು. ಹಾಗಾದರೆ ನನ್ನ ಹತ್ತಿರ ಇದೆಯಾ? ಇದೆ, ಮೂವತ್ತೇಳು ವರ್ಷ ದುಡಿದು ಕಟ್ಟಿದ್ದೇನೆ, ವಾರ್ಡಿನಲ್ಲಿ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಹುಡುಗಿಯರು ಎದ್ದು ನಿಲ್ಲುತ್ತಿದ್ದರು, ಸುವಾರ್ತಮ್ಮ ಸಿಸ್ಟರ್ ಸೂಜಿ ಹಾಕಿದರೆ ಕೂಸಿಗೂ ನೋವಾಗೋದಿಲ್ಲ ಎನ್ನುತ್ತಿದ್ದರು, ನನಗೆ ಹೆಸರಿದೆ, ಹಟವಿದೆ, ಸಣ್ಣದಲ್ಲದ ಗರ್ವವೂ ಇದೆ, ಕೊಡುವಂಥದ್ದು ಈಗ ನನ್ನ ಹತ್ತಿರ ಇದೆ, ಬೇಡ ಎನ್ನುವ ಹಕ್ಕೂ ಇದೆ, ಇಲ್ಲ ಎಂದರೆ ನನ್ನನ್ನು ಕೇಳುವವರಾರು, ಆ ಹಕ್ಕು ಕೈಯಲ್ಲಿರುವುದರಿಂದಲೇ ಹೋಗುವುದು ಹೋಗುವುದಾಗುತ್ತದೆ. ಇದನ್ನೇ ಹೇಳಬೇಕಿತ್ತು ಮಗನಿಗೆ. ಅವ್ವನನ್ನು ಬಗ್ಗಿಸಿದರು, ನಾನು ಬಗ್ಗುತ್ತೇನೆ. ಅಷ್ಟೇ ವ್ಯತ್ಯಾಸ, ಆದರೆ ಅದು ಭೂಮಿ ಆಕಾಶದಷ್ಟು — ತಡಿ ಸುವಾರ್ತಾ, ಅಷ್ಟು ಚಂದ ಮಾತಾಡಬೇಡ, ನಿನ್ನೆ ರಾತ್ರಿ ಪ್ರಾರ್ಥನೆ ಮಾಡುವಾಗ ಕಣ್ಣ ಮುಂದೆ ಏನು ಬಂತು, ಅದನ್ನೂ ಹೇಳು. ಬಂತು. ನಾನು ಆ ಮಂಚದ ಹತ್ತಿರ ನಿಂತಿದ್ದೇನೆ, ಅವ್ವನ ಹೆಸರು ಹೇಳಿ, ಮಾನಮ್ಮನ ಮಗಳು ಎಂದು ಆ ಮುದುಕಿ ಗುರುತು ಹಿಡಿಯುತ್ತಾಳೆ, ತುಟಿ ನಡುಗುತ್ತದೆ, ತಪ್ಪಾತು ಎನ್ನುತ್ತಾಳೆ, ನಾನು ಅವಳ ಕಣ್ಣೀರು ಒರೆಸುತ್ತೇನೆ, ಎಂಥ ಚಿತ್ರ, ಚೌಕಟ್ಟು ಹಾಕಿಸಿ ಚರ್ಚಿನ ಗೋಡೆಗೆ ತೂಗುಹಾಕಬಹುದು. ಅಂದರೆ ನಾನು ಹೊರಟಿರುವುದು ಹುಣ್ಣಿಗೋ ಆ ಕಣ್ಣೀರಿಗೋ? ಸಿರವಾರ, ಸಿರವಾರ, ಇಳಿಯೋರು ಇಳೀರಿ, ಮೆಣಸಿನಕಾಯಿ ಮುದುಕಿ ಇಳಿದಳು, ಹೋಗಿ ಬರ್ತೀನಿ ಯವ್ವಾ ಎಂದಳು ನನಗೆ, ಪರಿಚಯವೇ ಇಲ್ಲದವಳು. ಕಣ್ಣೀರು ಬರಲಿ ಬರದಿರಲಿ, ಹುಣ್ಣು ಮಾತ್ರ ಎಂಟು ತಿಂಗಳಿಂದ ಅಲ್ಲೇ ಇದೆ. ಹೋಗುತ್ತೇನೆ.

ದೇವದುರ್ಗದ ಬಿಸಿಲು ನೆತ್ತಿಗೇ ಬಡಿಯುತ್ತದೆ, ಬಸ್ ನಿಲ್ದಾಣದಿಂದ ಆಟೋದವನು ಎರಡು ಓಣಿ ಸುತ್ತಿಸಿ ಬಿಟ್ಟ, ಹಸಿರು ಬಣ್ಣದ ಮಾಳಿಗೆ ಮನೆ, ಬಾಗಿಲ ಮೇಲೆ ವಿಭೂತಿಯ ಮೂರು ಗೆರೆ, ಗೇಟು ತೆಗೆದೆ, ಆಮೇಲೆ ನೋಡಿದರೆ ನನ್ನ ಕಾಲುಗಳು ನನ್ನನ್ನು ಕೇಳದೆ ಎಡಕ್ಕೆ ತಿರುಗಿವೆ, ಗೋಡೆಯ ಬದಿಯ ಸಂದಿಗೆ, ಹಿತ್ತಲಿಗೆ ಹೋಗುವ ಕಡೆ, ಈ ಮನೆಯನ್ನು ನಾನು ಹಿಂದೆಂದೂ ಕಂಡಿಲ್ಲ, ಆದರೂ ಕಾಲಿಗೆ ಹಿತ್ತಲ ದಾರಿ ಗೊತ್ತು, ಐವತ್ತೊಂಬತ್ತು ವರ್ಷದ ಕಾಲು, ಥೂ, ನಿಂತೆ, ಚೀಲ ಇನ್ನೊಂದು ಕೈಗೆ ಬದಲಿಸಿದೆ, ತಿರುಗಿ ಬಂದು ಮುಂಬಾಗಿಲ ಮೂರು ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಗಂಟೆ ಒತ್ತಿದೆ. ಕಾವ್ಯಾ ತೆಗೆದಳು, ಮೂವತ್ತೈದು ಇರಬಹುದು, ಕಣ್ಣ ಕೆಳಗೆ ಕಪ್ಪು, ನಿದ್ದೆಯಿಲ್ಲದ ಮುಖ ಎಂದರೆ ನನಗೆ ಗೊತ್ತಿಲ್ಲವೇ, ಬರ್ರಿ ಸಿಸ್ಟರ್ರಿ, ಬಂದ್ರಲ್ಲಾ, ಬರ್ರಿ ಒಳಗ. ನಾನು ಹೊಸ್ತಿಲ ಈಚೆಯೇ ನಿಂತು ಹೇಳಿದೆ, ಮೊದಲು ಕೇಳವ್ವಾ, ಮುಚ್ಚಿಟ್ಟು ಒಳಗ ಬರಾಕ ನನಗ ಆಗೋದಿಲ್ಲ, ನಾ ಮಾನಮ್ಮನ ಮಗಳು, ನಿಮ್ಮ ಮಿಲ್ಲಿನ ಅಂಗಳದಾಗ ನಮ್ಮವ್ವ ಇಪ್ಪತ್ತು ವರ್ಷ ಕಸ ಹೊಡದಾಳ, ನಾವು ಕೇರಿಯವ್ರು, ಈಗ ಕ್ರೈಸ್ತರು, ನಿಮ್ಮತ್ತಿ ನಮ್ಮನ್ನ ಪಡಸಾಲಿ ಹತ್ತಿಸ್ತಿದ್ದಿಲ್ಲ, ಈಗ ಹೇಳು, ಬರ್ಲೇನು? ಅವಳು ಅಂದಳು, ವಾಸನಿಗಿ ನಾನ ಆ ಖೋಲಿಗಿ ಹೋಗಾಕ ಒಲ್ಲೆ ಅಂತೀನಿ ಸಿಸ್ಟರ್ರಿ, ಹೆತ್ತ ಮಗ ಬಾಗಲದಾಗ ನಿಂತು ಮಾತಾಡಿಸಿ ಹೋಗ್ತಾನ, ನೀವು ನೋಡಿದ್ರ ಬರ್ಲೇನು ಅಂತ ಕೇಳಾಕತ್ತೀರಿ, ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕುಡಿಯಾಕ ನೀರು ಕೊಡವ್ವಾ ಎಂದೆ. ಬಾಯಾರಿಕೆ ಅಷ್ಟಿರಲಿಲ್ಲ, ಆದರೂ ಕೇಳಿದೆ, ಸ್ಟೀಲ್ ಲೋಟದಲ್ಲಿ ತಂದಳು, ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದೆ, ತುಟಿ ಅಂಚಿಗೆ ಹಚ್ಚಿ, ಪೂರ್ತಿ, ಅವಳು ಲೋಟ ಇಸಿದುಕೊಂಡು ಇನ್ನಷ್ಟು ಬೇಕೇನ್ರಿ ಎಂದಳು. ಸಾಕು.

ಬಾಗಿಲು ತೆಗೆದೊಡನೆ ವಾಸನೆ, ಗೊತ್ತಿದ್ದದ್ದೇ, ಇಷ್ಟು ವರ್ಷ ಆದರೂ ಮೊದಲ ಉಸಿರು ಕಷ್ಟ, ಎರಡನೆಯದು ಪರವಾಗಿಲ್ಲ, ಕಿಟಕಿ ತೆರೆದೆ, ಮಂಚದ ಮೇಲೆ — ಇವಳೇನಾ, ಪಡಸಾಲೆ ತುಂಬುವಂತೆ ನಿಲ್ಲುತ್ತಿದ್ದವಳು, ಈಗ ಒಂದು ಮಡಿಚಿದ ಚಾದರ, ಬಾಯಿ ಒಂದು ಕಡೆಗೆ ಜಾರಿದೆ, ಕೊರಳಲ್ಲಿ ಲಿಂಗದ ಕರಡಿಗೆ ಮಾತ್ರ ಆಗಿನಂತೆ ಹೊಳೆಯುತ್ತಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಮ್ಮಾರ ಎನ್ನಬಾರದು, ಅದೊಂದು ಪದ ನನ್ನ ಬಾಯಿಂದ ಬರಬಾರದು, ಎಲ್ಲ ರೋಗಿಗಳನ್ನು ಕರೆಯುವಂತೆ ಕರೆದೆ, ಯವ್ವಾ, ನಾ ಸುವಾರ್ತಮ್ಮ, ಮಾನ್ವಿ ಮಾನಮ್ಮನ ಮಗಳು, ಗುರುತು ಸಿಕ್ಕಿತೇನ? ಕಣ್ಣು ನನ್ನತ್ತ ಬಂತು, ನಿಂತಿತು, ಹುಡುಕಿತು, ನಾನು ಕಾದೆ, ದೇವರೇ ನಾನು ಎಷ್ಟು ಕಾದೆ, ತೊದಲುವ ದನಿ ಹೊರಟಿತು, ಎಮ್ಮಿಗಿ — ಎಮ್ಮಿಗಿ ನೀರು ಕುಡಸಿದೇನ? ಬಾಗಿಲಲ್ಲಿ ಕಾವ್ಯಾ, ದಿನಾ ಹಿಂಗ ರೀ, ಹತ್ತು ವರ್ಷ ಆತು ಎಮ್ಮಿ ಮಾರಿ, ಯಾರು ಬಂದ್ರೂ ಇದನ್ನ ಕೇಳ್ತಾಳ. ಎಮ್ಮೆ ನೆನಪಿದೆ. ನಾನಿಲ್ಲ. ಅವ್ವ ಇಲ್ಲ, ಬಿಳಿ ಸೀರೆ ಇಲ್ಲ, ಪೇಡೆ ಇಲ್ಲ, ಮೂವತ್ತೇಳು ವರ್ಷ ನಾನು ಹೊತ್ತದ್ದು ಅವಳ ತಲೆಯಲ್ಲಿ ಎಲ್ಲೂ ಇಲ್ಲ, ಬಹುಶಃ ಮರುದಿನವೂ ಇರಲಿಲ್ಲ, ಅಳುವವರಿಲ್ಲ, ಒರೆಸುವುದಕ್ಕೇನೂ ಇಲ್ಲ, ಕ್ಷಮಿಸಿದೆ ಎನ್ನೋಣವೆಂದರೆ ಕೇಳಿಸಿಕೊಳ್ಳುವವಳು ಅಲ್ಲಿಲ್ಲ, ನಗು ಬಂತು, ಅವ್ವ ಅವತ್ತು ನಕ್ಕದ್ದು ಹೀಗೆಯೋ ಏನೋ, ಚೀಲ ಎತ್ತಿಕೊಂಡು ಮುಂಬಾಗಿಲಿನಿಂದಲೇ ಹೋಗಿಬಿಡಬಹುದು, ಯಾರೂ ತಪ್ಪೆನ್ನುವುದಿಲ್ಲ, ಒಂದು ಗಳಿಗೆ ಕಾಲು ಎತ್ತಿದ್ದೆ ಕೂಡ. ಎಮ್ಮಿಗಿ ನೀರು, ಮತ್ತೆ ಕೇಳಿದಳು, ಈ ಸಲ ಗಾಬರಿಯಿಂದ, ಕೂಸು ಕೇಳುವಂತೆ. ಕುಡಿಸೀನಿ ಬಿಡು ಯವ್ವಾ, ಎಂದೆ, ಹೊಟ್ಟಿ ತುಂಬ ಕುಡದಾದ. ಮುಖ ಸಡಿಲವಾಯಿತು. ನನ್ನಲ್ಲಿ, ಆ ಕಣ್ಣೀರಿಗೆ ಕಾದಿದ್ದ ಏನೋ ಒಂದು ಸದ್ದಿಲ್ಲದೆ ಹೋಯಿತು, ನೋವಾಗಲಿಲ್ಲ ಎಂದರೆ ಸುಳ್ಳು, ನೋವಾಯಿತು.

ಕಾವ್ಯಾ, ಬಿಸಿನೀರು ತಗೊಂಡು ಬಾ, ಬಂದು ಭುಜ ಹಿಡಿ, ಕಲಿಸ್ತೀನಿ, ಮೂಗು ಮುಚ್ಚಿಕೊ ಬೇಕಾದರ, ಕಣ್ಣು ಮಾತ್ರ ಮುಚ್ಚಬ್ಯಾಡ. ಹೊರಳಿಸುವಾಗ ಮುದುಕಿ ಚೀರಿದಳು, ಮುಟ್ಟಬ್ಯಾಡ, ಎಂದಳು, ಆ ಪದ, ಕೇರಿಯ ನಾವು ಕೇಳುತ್ತಲೇ ಬೆಳೆದ ಅದೇ ಪದ, ನನ್ನ ಕೈ ತಾನಾಗಿ ಹಿಂದೆ ಬಂತು, ಮುಟ್ಟಬ್ಯಾಡ, ಹೊಲಸ, ಹೊಲಸ ಆಗೀನಿ ನಾ, ಎಂದಳು, ತನ್ನನ್ನೇ ಅಂದಳೋ, ಯಾರನ್ನು ಅಂದಳೋ, ಇನ್ನೊಮ್ಮೆ ಕೇಳಲು ನಾನು ನಿಲ್ಲಲಿಲ್ಲ, ಮುಟ್ಟಿದೆ. ಹಳೆಯ ಬಟ್ಟೆ ಅಂಟಿಕೊಂಡಿದೆ, ಸಲೈನ್ ಸುರಿದು ನೆನೆಸಿದೆ, ತುದಿಯಿಂದ ಮೆಲ್ಲಗೆ, ಕೀವು, ಸತ್ತ ಕಪ್ಪು ಚರ್ಮ, ಕತ್ತರಿ, ಹತ್ತಿ, ಇನ್ನೊಂದು ಹತ್ತಿ, ಇದು ಮನಿಯಾಗ ವಾಸಿ ಆಗೋದಲ್ಲ ಕಾವ್ಯಾ, ಇವತ್ತ ಗಂಡಗ ಹೇಳು, ಡಾಕ್ಟರ್ ನೋಡಬೇಕು, ನಾ ಒಂದಿನ ಬಿಟ್ಟು ಒಂದಿನ ಬರ್ತೀನಿ, ಬಸ್ಸಿಗೆ ನನಗೇನು ಖರ್ಚಿಲ್ಲ, ಹೇಳುತ್ತಲೇ ಬೆರಳು ಒಳಗೆ ಹೋಗುತ್ತಿದೆ, ಅಂಗೈಯಗಲ, ಬೆರಳ ಗೆಣ್ಣು ಮುಳುಗುವಷ್ಟು ಆಳ, ತಳ ಎಲ್ಲಿ, ಒರೆಸಿದೆ, ಬಿಳಿ, ಎಲುಬು. ಯೋಸೇಫನಿಗೆ ಸಂಜೆ ಫೋನು ಮಾಡಬೇಕು, ಸಿಟ್ಟು ಮಾಡಲಿ, ಮಾಡಿದರೂ ಕೇಳುತ್ತಾನೆ — ಎಲುಬು, ಬೆನ್ನಿನ ತುದಿಯದು, ಒದ್ದೆಯಾಗಿ ಹೊಳೆಯುತ್ತಿದೆ, ಸುತ್ತ ಕೆಂಪು — ಅವ್ವನ ಬೆನ್ನನ್ನು ನಾನು ಒಮ್ಮೆಯೂ ಹೀಗೆ ಹತ್ತಿರದಿಂದ ನೋಡಲಿಲ್ಲ, ಎಣ್ಣೆ ಹಚ್ಚು ಎಂದು ಅವಳು ಕೇಳಲಿಲ್ಲ, ನಾನು ಹಚ್ಚಲಿಲ್ಲ — ಬಿಳಿ, ಹುರುಳಿ ಕಾಳಿನಷ್ಟು, ಅಲ್ಲ, ಇನ್ನೂ ಸ್ವಲ್ಪ ದೊಡ್ಡದು, ನೊಣ ಬಂತು, ಓಡಿಸಿದೆ, ಸಿಸ್ಟರ್ರಿ ಏನ್ರಿ ಅದು ಬೆಳ್ಳಗ, ಕಾವ್ಯಾ ಕೇಳುತ್ತಿದ್ದಾಳೆ, ಉತ್ತರ ಕೊಡಬೇಕು, ಕೊಡುತ್ತೇನೆ, ಮೊದಲು ಇದನ್ನು ಮುಚ್ಚಬೇಕು, ಒದ್ದೆ ಬಟ್ಟೆ ಮಡಿಚಿ ಬೆರಳಲ್ಲಿ ಹಿಡಿದಿದ್ದೇನೆ, ಕೆಂಪಿನ ನಡುವೆ ಬಿಳಿ, ಎಲುಬು, ಅವ್ವನದೂ ಇಷ್ಟೇ ಬಿಳಿ ಇದ್ದೀತು, ಬಟ್ಟೆ ಇಟ್ಟು ಮುಚ್ಚಿದೆ.