ಅಂಚಿನ ಮೇಲಿನ ಎರಡು ಗೀರು

ದರ್ಜಿಯ ಅಂಗಡಿಗೆ ಬಂದ ಬಟ್ಟೆ ಒಮ್ಮೆಯೂ ಅದಲುಬದಲಾದದ್ದಿಲ್ಲ. ಯಾರ ಬಟ್ಟೆಯೇ ಬರಲಿ, ಕತ್ತರಿ ಹಾಕುವ ಮೊದಲು ಅದರ ಅಂಚಿನ ಒಳಮಗ್ಗುಲಿಗೆ ಬಣ್ಣದ ದಾರದಲ್ಲಿ ಒಂದು ಗುರುತಿನ ಹೊಲಿಗೆ ಹಾಕಿಬಿಡುತ್ತಿದ್ದ. ಏನೇ ಕತ್ತರಿಸಿದರೂ ಅಂಚಿನ ತಂಟೆಗೆ ಹೋಗುತ್ತಿರಲಿಲ್ಲ. ಗುರುತು ಅಲ್ಲಿ ಕ್ಷೇಮವಾಗಿರುತ್ತಿತ್ತು. ಗುರು ಹೇಳಿಕೊಟ್ಟದ್ದು ಅದು. ದೇವರ ನಾಮ ಹೇಳುವಷ್ಟೇ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದ.

ಕಷ್ಟ ಶುರುವಾದದ್ದು ಆ ಅಭ್ಯಾಸವನ್ನು ಮೋಟಾರ್ ಸೈಕಲ್ಲಿಗೂ ತಂದಾಗ.

ಹಾಲು ಹಾಕುವವನ ಹಳೆಯ ಗಾಡಿ ಅದು. ಕ್ಯಾನು ಹೊತ್ತು ಹೊತ್ತು ಬೆನ್ನು ಬಾಗಿದ್ದ ಗಾಡಿಯನ್ನು ದರ್ಜಿ ಕೊಂಡು ಮನೆಗೆ ತಂದು, ಬಿಡುವಿನ ವೇಳೆಯಲ್ಲಿ ಒಂದೊಂದೇ ಸರಿಮಾಡುತ್ತ ಬಂದಿದ್ದ. ಮಿಣುಕು ದೀಪದ ಜಾಗಕ್ಕೆ ಒಳ್ಳೆಯ ದೀಪ ಬಂತು. ಸೀಟಿನ ಹೊದಿಕೆಯನ್ನು ತಾನೇ ಹೊಲಿದ, ಮದುವೆಯ ಕೋಟು ಹೊಲಿಯುವ ಮುತುವರ್ಜಿಯಿಂದ. ಇನ್ನು ಉಳಿದದ್ದು ಮುಂದಿನ ಬ್ರೇಕು. ಹಳೆಯ ಡ್ರಮ್ ಬ್ರೇಕನ್ನು ಇಳಿಜಾರಿನಲ್ಲಿ ಹಿಡಿದರೆ ಗಾಡಿ ಸ್ವಲ್ಪ ಯೋಚನೆ ಮಾಡಿ, ಮನಸ್ಸಿದ್ದರೆ ನಿಲ್ಲುತ್ತಿತ್ತು. ಅದನ್ನು ತೆಗೆದು ಡಿಸ್ಕ್ ಬ್ರೇಕ್ ಕೂರಿಸಬೇಕು. ಅದಕ್ಕೆ ಚಕ್ರದ ನಡುವಿನ ಹಬ್ಬನ್ನು ಲೇತ್ ಯಂತ್ರದಲ್ಲಿ ಕಡೆಸಬೇಕು.

ಲೇತ್ ಇದ್ದದ್ದು ಭಾವನ ಹತ್ತಿರ, ಅಂದರೆ ಅಕ್ಕನ ಗಂಡನ ಹತ್ತಿರ. ಮುಂದುಗಡೆ ವರ್ಕ್‌ಶಾಪು, ಹಿಂದುಗಡೆ ಮನೆ. ತಾಯಿ ಹೋದ ಮೇಲೆ ದರ್ಜಿಯನ್ನು ಸಾಕಿದವಳು ಆ ಅಕ್ಕನೇ. ಮದುವೆಯಾಗದ ದರ್ಜಿಗೆ ಇಂದಿಗೂ ಮಧ್ಯಾಹ್ನದ ಊಟ ಅಲ್ಲೇ. ಲೋಕದಲ್ಲಿ ಅವನಿಗೆ ತನ್ನದು ಎಂದು ಇದ್ದದ್ದು ಆ ಒಂದು ಅಡುಗೆಮನೆ.

ಹಬ್ಬನ್ನು ಕೊಡುವ ಮೊದಲು ಅಭ್ಯಾಸಬಲದಿಂದ ಅದರ ಅಂಚಿನ ಮುಖದ ಮೇಲೆ ಸಣ್ಣ ಅರದಿಂದ ಎರಡು ಗೀರು ಎಳೆದ. ವಾಪಸು ಬಂದಾಗ ಹಬ್ಬು ಬೆಳ್ಳಿಯಂತೆ ಹೊಳೆಯುತ್ತಿತ್ತು. ಗೀರು ಮಾತ್ರ ಇರಲಿಲ್ಲ.

ದೀಪದ ಕೆಳಗೆ ಹಿಡಿದ. ಅಂಚಿನುದ್ದಕ್ಕೂ ಉಗುರು ಆಡಿಸಿದ. ಇಲ್ಲ. ಬೆಳಿಗ್ಗೆ ದೇವರ ಮುಂದೆ ಕೈ ಮುಗಿದರೆ ಮುಗಿದ ಕೈಯ ನಡುವೆಯೂ ಹಬ್ಬೇ ಕುಳಿತಿತ್ತು. ಆ ಮಾದರಿಯ ಹಬ್ಬು ಈಗ ಸಿಗುವುದಿಲ್ಲವೆಂದು ಗುಜರಿಯವನು ಹೇಳಿದ್ದು ನೆನಪಾಯಿತು. ಅದೇ ಮಾದರಿಯ ಗಾಡಿ ಇನ್ನೊಂದಿದ್ದದ್ದು ಬಸ್ಸಿನ ಡ್ರೈವರನ ಬಳಿ. ಗಿರಿಜಾಮೀಸೆ ಎಂದೇ ಎಲ್ಲರೂ ಕರೆಯುವ ಆಸಾಮಿ. ಅವನೂ ಈಚೆಗೆ ಭಾವನ ಹತ್ತಿರವೇ ಡಿಸ್ಕ್ ಕೂರಿಸಿಕೊಂಡಿದ್ದ. ಭಾವ ಮತ್ತು ಅವನು ಒಟ್ಟಿಗೆ ಕುಳಿತು ನಗುತ್ತಿದ್ದದ್ದನ್ನು ದರ್ಜಿ ಕಂಡಿದ್ದ. ಆಗ ಅದು ಬರೀ ನಗುವಾಗಿತ್ತು. ಈಗ ಅದಕ್ಕೆ ಅರ್ಥ ಹುಟ್ಟಿತು: ತನ್ನ ಹಬ್ಬು ಆ ಗಾಡಿಗೆ ಹೋಗಿ, ಬೇರೆ ಯಾವುದೋ ತನ್ನ ಕೈಗೆ ಬಂದಿದೆ.

ಊಟಕ್ಕೆ ಹೋದಾಗ ಭಾವ ಕೇಳಿದ, "ಏನಪ್ಪಾ ಭಾಮೈದ, ಹಬ್ಬು ಹೇಗಿದೆ? ಮುಖ ನೋಡ್ಕೋಬಹುದಲ್ವಾ?"

"ನೋಡ್ಕೊಂಡೆ ಭಾವ. ಗುರುತೇ ಸಿಗಲಿಲ್ಲ."

"ಯಾವುದರದ್ದು, ನಿನ್ನ ಮುಖದ್ದಾ?" ಎಂದು ಭಾವ ನಕ್ಕ.

ಹೀಗೆ ತಕ್ಷಣ ತಮಾಷೆಗೆ ಇಳಿಯುವುದೂ ಒಂದು ಉಪಾಯವೇ ಇರಬಹುದೆಂದು ದರ್ಜಿಗೆ ಅನ್ನಿಸಿತು. ಅಕ್ಕ ಎರಡನೇ ಸಲ ಅನ್ನ ಬಡಿಸಲು ಬಂದಾಗ ಕೈ ಅಡ್ಡ ಹಿಡಿದ. ಬಾಯಿಬಿಟ್ಟರೆ ಈ ಮನೆ ಹೋಯಿತು. ಬಿಡದಿದ್ದರೆ ಪ್ರತಿ ತುತ್ತಿಗೂ ಅದೇ ರುಚಿ. ಭಗವಂತ ನಮ್ಮ ನಾಲಿಗೆಗೆ ಮೂಳೆ ಇಡಲಿಲ್ಲ, ಮನಸ್ಸಿಗಂತೂ ಬ್ರೇಕೇ ಇಡಲಿಲ್ಲ.

ಮರುದಿನ ಬೆಳಿಗ್ಗೆಯೇ ಗಿರಿಜಾಮೀಸೆಯ ಅಂಗಳಕ್ಕೆ ಹೋದ. ಗಾಡಿಯನ್ನು ಹೊಗಳುವ ನೆಪದಲ್ಲಿ ಮುಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಗಳ ನಡುವೆ ಕಣ್ಣು ತೂರಿಸಿದ.

"ಏನ್ ದರ್ಜಿಗಳೇ, ಚಕ್ರಕ್ಕೂ ಸೊಂಟದ ಅಳತೆ ತಗೋತಿದ್ದೀರಾ?" ಎಂದ ಮೀಸೆ.

ಅಂಚಿನಲ್ಲಿ ಗೀರು ಕಂಡಿತು. ಒಂದೋ ಎರಡೋ ಎಂದು ನೋಡುವ ತಾಳ್ಮೆ ಉಳಿದಿರಲಿಲ್ಲ.

"ಈ ಹಬ್ಬು ಎಲ್ಲಿ ಸಿಕ್ತು ನಿಮಗೆ?"

"ನನ್ನದು ಒಡೆದಿತ್ತು. ನಿಮ್ಮ ಭಾವನೇ ಎಲ್ಲಿಂದಲೋ ಹುಡುಕಿ ಕೊಟ್ರು. ಪುಣ್ಯಾತ್ಮ."

"ಎಲ್ಲಿಂದಲೋ ಅಲ್ಲ. ನನ್ನದೂ ಅಲ್ಲೇ ಇತ್ತು."

ಮಾತು ಜಾರಿಬಿಟ್ಟಿತ್ತು. ಮೀಸೆಯ ನಗು ಮೀಸೆಯೊಳಗೇ ನಿಂತಿತು. "ಇದನ್ನ ನನ್ನ ಹತ್ರ ಹೇಳ್ಬೇಡಿ ದರ್ಜಿಗಳೇ. ನಡೀರಿ, ಅವರ ಹತ್ರವೇ ಹೇಳಿ," ಎಂದು ಗಾಡಿ ಹತ್ತಿ ಹೊರಟೇಬಿಟ್ಟ. ದರ್ಜಿ ಮನೆಗೆ ಓಡಿ, ಹಬ್ಬನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಮೀಸೆ ಹೇಳಬೇಕಾದದ್ದನ್ನೆಲ್ಲ ಹೇಳಿ ಹೊರಟುಹೋಗಿದ್ದ.

ಭಾವ ಕೂಗಾಡಲಿಲ್ಲ. ಕೈಯೊರೆಸಿಕೊಂಡು ಕೇಳಿದ, "ಗುರುತು ಎಲ್ಲಿ ಹಾಕಿದ್ದೆ?"

"ಅಂಚಿನ ಮುಖದ ಮೇಲೆ."

ಭಾವ ಮೂಲೆಯಿಂದ ಒಂದು ಕೆಲಸಕ್ಕೆ ಬಾರದ ಹಬ್ಬು ತಂದು, ಅದರ ಅಂಚಿನ ಮೇಲೆ ಮೊಳೆಯಿಂದ ಎರಡು ಗೀರು ಎಳೆದು, ಲೇತಿಗೆ ಸಿಕ್ಕಿಸಿದ. ಯಂತ್ರ ತಿರುಗಿತು. ಉಳಿ ಒಮ್ಮೆ ಅಂಚನ್ನು ಸವರಿತು. ಸುರುಳಿ ಸುರುಳಿಯಾಗಿ ಲೋಹದ ಸಿಪ್ಪೆ ಬಿತ್ತು. ಗೀರು ಇರಲಿಲ್ಲ.

"ಮೊದಲು ಅಂಚು ಸಮ ಮಾಡ್ತೀವಿ. ಆಮೇಲೆ ಉಳಿದ ಅಳತೆ ಎಲ್ಲಾ ಅಲ್ಲಿಂದ. ನೀನು ಮುಟ್ಟದೇ ಇರೋ ಜಾಗ, ನಾನು ಮೊದಲು ಮುಟ್ಟೋ ಜಾಗ." ಯಂತ್ರ ನಿಲ್ಲಿಸಿದ. "ನಿನ್ನದನ್ನ ಬಿಚ್ಚು. ತಿರುಗಿಸಿ ಒಳಗಡೆ ನೋಡು. ಅಲ್ಲಿ ನಾನು ಉಳಿ ಇಟ್ಟಿಲ್ಲ. ಮೀಸೆ ಗಾಡೀಲಿ ನೀನು ಕಂಡದ್ದು ಡಿಸ್ಕ್ ಕೂರಿಸುವಾಗ ಬಿದ್ದ ಗೀರು."

ದರ್ಜಿ ತಿರುಗಿಸಿದ. ಡ್ರಮ್ಮಿನ ಒಳಗೋಡೆಯಲ್ಲಿ ಅವರೆಕಾಳಿನಾಕಾರದ ಒಂದು ಹಳ್ಳ. ಸಂಜೆ ಸಂಜೆ ತಾನೇ ಕೂತು ಮರಳುಕಾಗದದಿಂದ ತಿಕ್ಕಿದ್ದ ಹಳ್ಳ. ಗೀರು ಹುಡುಕುವ ಭರದಲ್ಲಿ ಹಬ್ಬನ್ನು ಅವನು ನೋಡಿಯೇ ಇರಲಿಲ್ಲ.

"ತಪ್ಪಾಯ್ತು ಭಾವ. ನಾನು ಎಲ್ಲರಿಗೂ ಹಾಗೇ ಗುರುತು ಹಾಕೇ ಕೊಡ್ತೀನಿ. ಬಣ್ಣದವನಿಗೆ ಟ್ಯಾಂಕ್ ಕೊಟ್ಟಾಗಲೂ ಹಾಕಿದ್ದೆ."

"ಗೊತ್ತಾಯ್ತು ಬಿಡು," ಎಂದ ಭಾವ. "ನಾನೂ ಎಲ್ಲರಲ್ಲಿ ಒಬ್ಬ."

ಆಮೇಲೆ ಗಾಡಿಯನ್ನು ದರ್ಜಿಯ ಮನೆಯಿಂದ ವರ್ಕ್‌ಶಾಪಿಗೆ ತಂದು ಇಬ್ಬರೂ ಚಕ್ರ ಕಟ್ಟಿದರು. ಕಡ್ಡಿ ಬಿಗಿದರು, ಡಿಸ್ಕ್ ಕೂರಿಸಿದರು, ಬ್ರೇಕಿನ ಎಣ್ಣೆ ತುಂಬಿ ಕೊಳವೆಯೊಳಗಿನ ಗಾಳಿ ಹೊರಡಿಸಿದರು. ಸಿಟ್ಟಿದ್ದರೂ ಭಾವನ ಕೈ ಒಂದು ನಟ್ಟನ್ನೂ ಸಡಿಲ ಬಿಡಲಿಲ್ಲ. ಬ್ರೇಕಿನ ಕೆಲಸ ಮಾಡಿದ ಯಾವ ಗಾಡಿಯನ್ನಾದರೂ ಮೊದಲು ತಾನೇ ಓಡಿಸಿ ನೋಡಿ ಕೊಡುವುದು ಅವನ ಪದ್ಧತಿ. ಇಂದು ಕೀ ತೆಗೆದು ದರ್ಜಿಯ ಕೈಗಿಟ್ಟ.

"ನೀನೇ ಹೋಗು. ನಾನು ಬೀದಿ ಕೊನೆಗೆ ಹೋಗಿ ಬಂದ್ರೆ, ಬೇರೆ ಗಾಡಿ ತಂದೆ ಅಂದ್ರೂ ಅಂದೀಯ."

ದರ್ಜಿ ಹೋದ. ಬೀದಿಯ ತಿರುವಿನಲ್ಲಿ ಬ್ರೇಕ್ ಹಿಡಿದ. ಗಾಡಿ ಎಳೆಯಲಿಲ್ಲ, ಜಾರಲಿಲ್ಲ. ಹೇಳಿದ ಮಾತು ಕೇಳಿದ ಹಾಗೆ ನಿಂತಿತು. ಇಷ್ಟು ದಿನ ಕಾದದ್ದು ಈ ಒಂದು ಗಳಿಗೆಗೆ. ಖುಷಿ ಮಾತ್ರ ಬರಲಿಲ್ಲ. ಹಿಂದಿರುಗಿ ಹೋಗಬೇಕಲ್ಲ ಎಂದು ಬಹಳ ಹೊತ್ತು ಬ್ರೇಕ್ ಹಿಡಿದುಕೊಂಡೇ ನಿಂತಿದ್ದ.

ವಾಪಸು ಬಂದಾಗ ಭಾವ ತಲೆಯೆತ್ತದೆ ಕೇಳಿದ, "ಒಂದು ಕಡೆಗೆ ಎಳೆಯುತ್ತಾ?"

"ಇಲ್ಲ ಭಾವ."

"ಸರಿ."

"ಭಾವ... ಊಟಕ್ಕೆ ಬರ್ಲಾ?"

"ಅಡುಗೆ ನಿಮ್ಮಕ್ಕಂದು. ಅವಳನ್ನ ಕೇಳು."

ಒಳಗೆ ಹೋದ. ಅಕ್ಕ ಒಲೆಯ ಕಡೆಗೇ ಮುಖಮಾಡಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡವಳ ಬೆನ್ನು ಅದು. ದಿನವೂ ಅವನು ಬರುವ ಮೊದಲೇ ತಟ್ಟೆ ಹಾಕಿ ಇಡುತ್ತಿದ್ದವಳು ಇಂದು ಹಾಕಿರಲಿಲ್ಲ.

"ಅಕ್ಕಾ..."

"ತಟ್ಟೆ ಅಲ್ಲಿದೆ, ತಗೋ. ನಿಂದೇನಾ ನೋಡ್ಕೋ ಮತ್ತೆ, ಅದಲುಬದಲಾಗಿರುತ್ತೆ ನಮ್ಮನೇಲಿ."

ವರ್ಕ್‌ಶಾಪಿನ ಕಡೆಯಿಂದ ತಡೆಯಲಾಗದೆ ಹೊರಟ ಒಂದು ನಗು ಕೇಳಿಸಿ, ಕೆಮ್ಮಾಗಿ ಮುಗಿಯಿತು. ದರ್ಜಿ ಕೈಗೆ ಸಿಕ್ಕ ತಟ್ಟೆಯನ್ನು ನೋಡದೆಯೇ ತೆಗೆದುಕೊಂಡು ಕುಳಿತ. ಅಕ್ಕ ಬಡಿಸಿದಳು. ಎರಡನೇ ಸಲ ಬಡಿಸಲು ಬಂದಾಗ ಅವನು ಕೈ ಅಡ್ಡ ಹಿಡಿಯಲಿಲ್ಲ.