ಜೋಪಡಿ, ಬಿಡಾರ, ಅಲ್ಲಿ

ಕೆರೆದಂಡೆಯ ಆ ಪುಟ್ಟ ರಜೆಮನೆಗೆ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮೂಲೆ. ಅತ್ತೆಯ ಕಡೆಯವರೆಲ್ಲ ಅದನ್ನು ಜೋಪಡಿ ಎನ್ನುತ್ತಿದ್ದರು. ಸೊಸೆಯ ಸೀಮೆಯಲ್ಲಿ ಅಂಥದ್ದಕ್ಕೆ ಬಿಡಾರ ಎನ್ನುವುದು ವಾಡಿಕೆ.

"ಬಿಡಾರ ಹೂಡೋಕೆ ನಾವೇನು ಸರ್ಕಸ್ಸಿನವರಾ?" ಎಂದು ಅತ್ತೆ ಮೊದಲ ಬೇಸಿಗೆಯಲ್ಲೇ ಕಾಲೆಳೆದಿದ್ದರು.

"ಹೆಂಚಿದೆ, ಕಿಟಕಿ ಇದೆ. ಜೋಪಡಿ ಅಂದ್ರೆ ಪಾಪ, ಮನೆಗೇ ಬೇಜಾರಾಗಲ್ವಾ?" ಸೊಸೆಯೂ ಬಿಟ್ಟುಕೊಡಲಿಲ್ಲ.

ನಡುವೆ ಸಿಕ್ಕಿಬಿದ್ದ ಮಗ ಯಾರ ಪದದ ತಂಟೆಗೂ ಹೋಗಲಿಲ್ಲ. "ಈ ಶನಿವಾರ ಅಲ್ಲಿಗೆ ಹೋಗೋಣ" ಎನ್ನುತ್ತಿದ್ದ. ಅಷ್ಟೇ. ಅಲ್ಲಿ.

ಮಗ ತೀರಿಕೊಂಡ ಮೇಲೆ ಎರಡು ಬೇಸಿಗೆ ಕಳೆದವು. ಎರಡು ಸಲವೂ ಸೊಸೆ ತಪ್ಪದೆ ಬಂದಳು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದಳು, ಅವನ ಗೊರಕೆಯನ್ನು ಅಣಕಿಸಿ ನಗಿಸಿದಳು. ಈ ಸಲ ಬಂದವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಕನ್ನಡಕದಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವವನೊಂದಿಗೆ ಮದುವೆ ಗೊತ್ತಾಗಿತ್ತು.

"ಒಳ್ಳೇದೇ ಆಯ್ತು ಕಣೆ," ಎಂದರು ಅತ್ತೆ. ಮನಸ್ಸಿನಲ್ಲಿದ್ದದ್ದೂ ಅದೇ. ಅವರಿಗೆ ಬೇಕಾಗಿದ್ದದ್ದು ಒಂದೇ: ಬೇಸಿಗೆಗೊಮ್ಮೆ ಇವಳು ಬರುತ್ತಿರಲಿ. ಅವನ ಮಾತೆತ್ತಿ ನಗಲು ಇನ್ಯಾರಿದ್ದರು?

ಹೊರಡುವ ಬೆಳಿಗ್ಗೆ ಇಬ್ಬರೂ ಸೇರಿ ಹಾಸಿಗೆಗಳನ್ನು ಎತ್ತಿ ಗೋಡೆಗೆ ಒರಗಿಸಿದರು. ಮತ್ತೆ ಬರುವವರು ತಮ್ಮ ರಬ್ಬರ್ ಚಪ್ಪಲಿಯನ್ನು ಬಾಗಿಲ ಹಿಂದೆಯೇ ಬಿಟ್ಟುಹೋಗುವುದು ಆ ಮನೆಯ ರೂಢಿ. ಸೊಸೆ ತನ್ನದನ್ನು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಳ್ಳುವುದು ಅತ್ತೆಗೆ ಕಾಣಿಸಿತು.

"ಬರೋ ವರ್ಷ... ಬಿಡಾರಕ್ಕೆ ಇಬ್ಬರೂ ಬನ್ನಿ," ಎಂದುಬಿಟ್ಟರು. ಎಂದೂ ಆಡದ ಪದ, ನಾಲಿಗೆ ತಡವರಿಸಿತು.

ಸೊಸೆಯ ಕಣ್ಣು ತುಂಬಿತು. "ಅತ್ತೆ, ನೀವು ಜೋಪಡಿ ಅಂತಾನೇ ಅನ್ನಿ. ನನಗೆ ಅದರ ಬೇಜಾರು ಯಾವತ್ತೂ ಇರ್ಲಿಲ್ಲ."

"ಮತ್ತೆ ಚಪ್ಪಲಿ ಯಾಕೆ ತಗೊಂಡು ಹೊರಟೆ?"

"ಇಲ್ಲಿಗೆ ಬಂದ್ರೆ ನಾನು ನಿಮ್ಮ ಮಗನ ಹೆಂಡ್ತಿನೇ ಆಗ್ಬಿಡ್ತೀನಿ. ಆಮೇಲೆ ಆ ಹೊಸ ಮನೆಗೆ ಹೋಗೋಕೆ ಕಾಲೇ ಬರಲ್ಲ."

ಸೊಸೆ ಬ್ಯಾಗಿನ ಜಿಪ್ ಎಳೆದಳು. ಅದು ಅರ್ಧಕ್ಕೇ ಕಚ್ಚಿಕೊಂಡಿತು. ಜೋರಾಗಿ ಇನ್ನೊಮ್ಮೆ ಎಳೆದಳು. ಬದುಕೆಲ್ಲ ಹೊಲಿಗೆಯಲ್ಲೇ ಸವೆಸಿದ್ದ ಅತ್ತೆಗೆ ನೋಡಿಕೊಂಡಿರಲು ಆಗಲಿಲ್ಲ. "ಬಿಡು, ಹಾಗೆ ಎಳೆದ್ರೆ ಹಲ್ಲು ಕಿತ್ತುಹೋಗುತ್ತೆ," ಎಂದು ಸೋಪಿನ ಚೂರು ತಂದು, ಪಕ್ಕದಲ್ಲಿ ಕುಳಿತು, ಹಲ್ಲುಗಳಿಗೆಲ್ಲ ನಿಧಾನವಾಗಿ ತಿಕ್ಕಿದರು. ಆಮೇಲೆ ತಾವೇ ಜಿಪ್ ಎಳೆದು ಮುಚ್ಚಿಕೊಟ್ಟರು.